ಪ್ಯಾಡ್ ಹೊಸದು, ಆದರೂ ಘಾಟಿಯಲ್ಲಿ ಪೆಡಲ್ ಮೆತ್ತಗಾಗುವುದು ಯಾಕೆ?

ಪ್ರಶ್ನೆ: ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಹೋದ ವರ್ಷ ಬದಲಾಯಿಸಿದ್ದೇನೆ. ಊರೊಳಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಾತ್ರ ಅರ್ಧ ದಾರಿಗೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಮತ್ತೆ ಪ್ಯಾಡ್ ಹಾಕಬೇಕಾ? ಮನೆಯಲ್ಲೇ ಮಾಡಿಕೊಳ್ಳಬಹುದಾ?
(ಮೂಡಿಗೆರೆ ಕಡೆಯ ಓದುಗರು)

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಅನುಮಾನ ಮೊದಲು ಬ್ರೇಕ್ ಆಯಿಲ್ ಮೇಲೆ, ಅಂದರೆ ಕಾಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ತಲುಪಿಸುವ ದ್ರವದ ಮೇಲೆ ಹೋಗುತ್ತದೆ. ಪ್ಯಾಡ್ ಕಣ್ಣಿಗೆ ಕಾಣುತ್ತದೆ, ಸವೆದರೆ ಕಿರ್ರ್ ಎಂದು ಸದ್ದು ಮಾಡುತ್ತದೆ, ಹಾಗಾಗಿ ಎಲ್ಲರೂ ಬದಲಾಯಿಸುತ್ತಾರೆ. ಬಾನೆಟ್ ಕೆಳಗಿನ ಡಬ್ಬಿಯಲ್ಲಿರುವ ಆಯಿಲ್ ಕಡೆ ವರ್ಷಗಟ್ಟಲೆ ಯಾರೂ ತಿರುಗಿ ನೋಡುವುದಿಲ್ಲ. ಘಾಟಿ ಊರಿನವರಿಗೆ ಇದು ನಿಜವಾಗಿಯೂ ಅಪಾಯದ ಮಾತು.

ಮೊದಲು ಒಂದು ವ್ಯತ್ಯಾಸ ಗುರುತಿಸಿಕೊಳ್ಳಿ. ಪೆಡಲ್ ಗಟ್ಟಿಯಾಗೇ ಇದೆ, ಜೋರಾಗಿ ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಅತಿಯಾಗಿ ಕಾದಿದೆ. ಪೆಡಲ್ಲೇ ಮೆತ್ತಗಾಗಿ ಒಳಗೆ ಕೂರುತ್ತಿದೆ ಅಂದರೆ ಆಯಿಲ್ ಕುದಿಯುತ್ತಿರಬಹುದು. ಕುದ್ದಾಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಅಮುಕುವುದಕ್ಕೇ ಹೋಗುತ್ತದೆ. ಗಾಡಿ ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗಿ ಪೆಡಲ್ ಸರಿಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಸರಿ ಇರುತ್ತೆ, ಅವರು ‘ಏನೂ ತೊಂದರೆ ಇಲ್ಲ’ ಅನ್ನುತ್ತಾರೆ.

ಆಯಿಲ್ ಇಷ್ಟು ಬೇಗ ಕುದಿಯುವುದಕ್ಕೆ ಕಾರಣ ನೀರು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ಪಸೆಯಾಗುವ ಹಾಗೆ, ಬ್ರೇಕ್ ಆಯಿಲ್ ಕೂಡ ಗಾಳಿಯಲ್ಲಿರುವ ತೇವ ಹೀರುತ್ತದೆ. ಮುಚ್ಚಳದ ಸಂದಿ, ರಬ್ಬರ್ ಹೋಸು, ಹೀಗೆ ಎಲ್ಲಿಂದಲಾದರೂ ಸ್ವಲ್ಪ ಸ್ವಲ್ಪವೇ ಸೇರುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಯನ್ನು ಡಾಟ್ ನಂಬರಿನಲ್ಲಿ ಹೇಳುತ್ತಾರೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದಕ್ಕೆ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ನೂರಾರು ಡಿಗ್ರಿ ಕಾಯುತ್ತದೆ, ಆ ಶಾಖ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಪಿಸ್ಟನ್ ಮೂಲಕ ಆಯಿಲ್‌ಗೂ ತಲುಪುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಾಯಿಸಿ ಎನ್ನುವುದು. ಮೇಲಿಂದ ಸ್ವಲ್ಪ ಸುರಿದು ಲೆವೆಲ್ ಮಾಡಿದರೆ ಒಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ. ಲೆವೆಲ್ ಕಮ್ಮಿಯಾಗಿದೆ ಅಂದರೆ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಸುರಿಯುವ ಮೊದಲು ಅವೆರಡನ್ನೂ ನೋಡಿ.

ಇನ್ನು ಮನೆಯಲ್ಲಿ ಮಾಡುವ ವಿಷಯ. ಮುಂದಿನ ಪ್ಯಾಡ್ ಬದಲಾವಣೆ ಕೈಕೆಲಸ ಗೊತ್ತಿರುವವರಿಗೆ ಕಷ್ಟವಲ್ಲ. ಸಮತಟ್ಟಾದ ಗಟ್ಟಿ ನೆಲ ಬೇಕು. ಕಾಫಿ ಕಣದ ಸಿಮೆಂಟ್ ನೆಲ ಇದ್ದರೆ ಒಳ್ಳೆಯದೇ, ಮಳೆಯಲ್ಲಿ ನೆನೆದ ಮಣ್ಣಿನ ಅಂಗಳ ಬೇಡ, ಜಾಕ್ ಹೂತು ವಾಲುತ್ತದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಗಾಡಿ ಎತ್ತುವ ಮೊದಲೇ ನಟ್ಟು ಸಡಿಲ ಮಾಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಅದಿಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಚಕ್ರ ಬಿಚ್ಚಿ, ಪ್ಯಾಡ್ ಮತ್ತು ಪಿಸ್ಟನ್ ಕೂತಿರುವ ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ತೆಗೆದರೆ ಹೆಚ್ಚಿನ ಗಾಡಿಗಳಲ್ಲಿ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಬೇಕಾಗಿ ಬಂದರೆ ತಂತಿಯಲ್ಲಿ ಕಟ್ಟಿ, ಹೋಸಿನ ಮೇಲೆ ಜೋತು ಬಿಡಬಾರದು. ಪ್ಯಾಡಿನ ದಪ್ಪ ಸವೆದು 3 ಮಿಲಿಮೀಟರ್‌ಗೆ ಬಂದಿದ್ದರೆ ಎಡಕ್ಕೂ ಬಲಕ್ಕೂ ಒಟ್ಟಿಗೇ ಬದಲಾಯಿಸಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಉಸಿರಿಗೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಪ್ಯಾಡನ್ನೇ ಅಡ್ಡ ಇಟ್ಟು ಕ್ಲ್ಯಾಂಪಿನಿಂದ ಪಿಸ್ಟನ್ ನಿಧಾನವಾಗಿ ಒಳಗೆ ತಳ್ಳಿ. ಆಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿಂದುಹಾಕುತ್ತದೆ. ಬಿದ್ದ ತಕ್ಷಣ ನೀರು ಹೊಯ್ದು ತೊಳೆಯಿರಿ. ಕ್ಯಾಲಿಪರ್ ಜಾರುವ ಗೈಡ್ ಪಿನ್‌ಗಳಿಗೆ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕ್‌ಗಾಗಲಿ ಒಂದು ಚೂರೂ ಜಿಡ್ಡು ತಾಗಬಾರದು. ಎಲ್ಲ ಜೋಡಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಇದನ್ನು ಮರೆತು ಗೇರ್ ಹಾಕಿದರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ.

ಆಯಿಲ್ ಬದಲಾಯಿಸುವುದಕ್ಕೆ ಇನ್ನೊಬ್ಬರು ಬೇಕೇ ಬೇಕು. ಮನೆಯವರನ್ನೋ ತಮ್ಮನನ್ನೋ ಸೀಟಿನಲ್ಲಿ ಕೂರಿಸಿ. ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರಿನದ್ದೇ ಸೀಲ್ ಒಡೆಯದ ಬಾಟಲಿ ತನ್ನಿ, ಒಂದು ಲೀಟರ್ ಇದ್ದರೆ ಸಾಮಾನ್ಯ ಕಾರಿಗೆ ಸಾಕಾಗುತ್ತದೆ. ಡಾಟ್ 5 ಎಂದು ಬರೆದದ್ದು ಸಿಲಿಕೋನ್, ಅದನ್ನು ಇದಕ್ಕೆ ಬೆರೆಸಬಾರದು. ಇಂಜಿನ್ ಆಯಿಲ್ ತೊಟ್ಟು ಬಿದ್ದರೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ.

ಡಬ್ಬಿಯ ಹಳೆ ಆಯಿಲ್ ತೆಗೆದು ಹೊಸದು ತುಂಬಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ ಚಕ್ರದಿಂದ ಶುರು. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ ಇರುತ್ತದೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬೇರೊಂದು ಬಾಟಲಿಯಲ್ಲಿ ಹಾಕಿಟ್ಟ ಸ್ವಲ್ಪ ಆಯಿಲ್‌ನಲ್ಲಿ ಮುಳುಗಿರಲಿ. ‘ಒತ್ತಿ’ ಅಂದಾಗ ಅವರು ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಕಂದು ಆಯಿಲ್ ಬಂದ ಮೇಲೆ ಬಿಗಿ ಮಾಡಿ, ಆಮೇಲೆ ‘ಬಿಡಿ’ ಅನ್ನಿ. ಬಿಗಿ ಮಾಡುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹಳೆ ಗಾಡಿಯಾದರೆ ಪೆಡಲ್ ಕೆಳಗೆ ಮರದ ತುಂಡು ಇಡಿ. ನೆಲ ಮುಟ್ಟುವವರೆಗೆ ಒತ್ತಿದರೆ ಮಾಸ್ಟರ್ ಸಿಲಿಂಡರಿನ ಸೀಲ್ ಹಾಳಾಗುವುದುಂಟು. ಪೈಪಿನಲ್ಲಿ ತಿಳಿ ಆಯಿಲ್ ಬಂದು ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಿ, ಆಮೇಲೆ ಉಳಿದ ಚಕ್ರಗಳಿಗೂ. ನಡುನಡುವೆ ಡಬ್ಬಿ ನೋಡುತ್ತಿರಿ, ಖಾಲಿಯಾದರೆ ಮತ್ತೆ ಮೊದಲಿಂದ.

ನಿಪ್ಪಲ್ ತುಕ್ಕು ಹಿಡಿದು ಅಲುಗದಿದ್ದರೆ ಬಲ ಹಾಕಬೇಡಿ, ಮುರಿದರೆ ಕ್ಯಾಲಿಪರೇ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಯೂನಿಟ್ ಒಳಗೆ ಗಾಳಿ ಸೇರಿದರೆ, ಅದನ್ನು ತೆಗೆಯಲು ಅನೇಕ ಗಾಡಿಗಳಿಗೆ ಗ್ಯಾರೇಜಿನ ಸ್ಕ್ಯಾನರ್ ಬೇಕಾಗುತ್ತದೆ. ಹಿಂದೆ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಅದರಲ್ಲೇ ಸೇರಿದ್ದರೆ ಪಿಸ್ಟನ್ ತಿರುಗಿಸಿ ಒಳಗೆ ಕಳಿಸಬೇಕಾಗಬಹುದು. ಈ ಮೂರರಲ್ಲಿ ಯಾವುದು ಎದುರಾದರೂ ಗ್ಯಾರೇಜಿಗೆ ಕೊಡಿ.

ಹೊಸ ಪ್ಯಾಡ್ ಹಾಕಿದ್ದರೆ ಖಾಲಿ ಸಮತಟ್ಟು ರಸ್ತೆಯಲ್ಲಿ 50ರಿಂದ 10 ಕಿಲೋಮೀಟರ್ ವೇಗಕ್ಕೆ ನಿಧಾನವಾಗಿ ಇಳಿಸುವುದನ್ನು ಹಲವು ಸಲ ಮಾಡಿ, ಪೂರ್ತಿ ನಿಲ್ಲಿಸಬೇಡಿ, ನಡುವೆ ಡಿಸ್ಕ್ ತಣಿಯಲು ಬಿಡಿ. ಕೆಲಸ ಮುಗಿದ ದಿನವೇ ಚಾರ್ಮಾಡಿಗೆ ಹೊರಡಬೇಡಿ. ಒಂದೆರಡು ದಿನ ಊರಲ್ಲೇ ಓಡಿಸಿ, ಚಕ್ರದ ಒಳಗೆ ಎಲ್ಲಾದರೂ ಒದ್ದೆಯಾಗಿದೆಯಾ ನೋಡಿ. ಆಯಿಲ್ ಹೊಸದಾದರೂ ಇಳಿಯುವಾಗ ಎರಡನೇ ಗೇರೋ ಮೂರನೇ ಗೇರೋ ಇರಲಿ, ಇಂಜಿನ್ ಗಾಡಿಯನ್ನು ತಡೆಯಲಿ. ಪೆಡಲ್ ಮತ್ತೆ ಒಳಗೆ ಹೋದರೆ ಬೇಗ ಬೇಗ ಒತ್ತಿ ಬಿಡುತ್ತಾ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಪಕ್ಕಕ್ಕೆ ನಿಲ್ಲಿಸಿ. ಹಾಗಾದರೆ ಮಾಸ್ಟರ್ ಸಿಲಿಂಡರ್ ಪರೀಕ್ಷೆ ಮಾಡಿಸಲೇಬೇಕು.

ಉಳಿದ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ, ತೆರೆದ ಮೇಲೆ ಅದೂ ತೇವ ಹೀರುತ್ತದೆ. ಹಳೆ ಆಯಿಲ್ ತೋಟಕ್ಕೋ ಹಳ್ಳಕ್ಕೋ ಚೆಲ್ಲುವುದೂ ಬೇಡ. ಬಾಟಲಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.