ಎಂಜಿನ್ ಕೆಮ್ಮಿದರೆ ಮೊದಲು ಸ್ಪ್ಯಾನರ್ ಎತ್ತಬೇಡಿ

ಹಾರುವ ಮುಂಚೆ ಚಿಕ್ಕ ವಿಮಾನದವರು ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ರನ್‌ವೇ ಹತ್ತಿರ ನಿಂತು, ಬ್ರೇಕ್ ಒತ್ತಿಕೊಂಡು, ಎಂಜಿನ್ನನ್ನು ನಿಮಿಷಕ್ಕೆ 1700-1800 ಸುತ್ತಿಗೆ ಏರಿಸುತ್ತಾರೆ. ಆಮೇಲೆ ಅದರ ಅರ್ಧ ಇಗ್ನಿಷನ್ ಬೇಕಂತಲೇ ಆಫ್ ಮಾಡುತ್ತಾರೆ. ಎಂಜಿನ್ ನಿಲ್ಲುವುದಿಲ್ಲ, ಸ್ವಲ್ಪ ಸೊರಗುತ್ತದೆ ಅಷ್ಟೆ.

ಕಾರಣ, ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ ಇರುತ್ತವೆ. ಎರಡಕ್ಕೂ ಬೇರೆ ಬೇರೆ ಮ್ಯಾಗ್ನೆಟೊ. ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ ತಿರುಗುವ ಬಲದಲ್ಲೇ ಕಿಡಿ ಹುಟ್ಟಿಸುವ ಸಾಧನ ಅದು. ಎರಡೂ ಕಿಡಿ ಇದ್ದರೆ ಬೆಂಕಿ ಎರಡು ಕಡೆಯಿಂದ ಹಬ್ಬುತ್ತದೆ. ಒಂದೇ ಇದ್ದರೆ ನಿಧಾನ, ಸುತ್ತು ನೂರರ ಆಸುಪಾಸು ಇಳಿಯುತ್ತದೆ. ಎಷ್ಟು ಇಳಿದರೆ ಸರಿ ಅನ್ನುವುದು ವಿಮಾನದ ಕೈಪಿಡಿಯಲ್ಲೇ ಇರುತ್ತದೆ. ಒಂಚೂರೂ ಇಳಿಯಲಿಲ್ಲ ಅಂದರೆ? ಖುಷಿಪಡಬೇಡಿ. ಮ್ಯಾಗ್ನೆಟೊವನ್ನು ಆಫ್ ಮಾಡುವ ಅರ್ತ್ ವೈರ್ ತುಂಡಾಗಿರಬಹುದು. ಆಗ ಕೀ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೊಗೆ ಜೀವ ಇರುತ್ತದೆ. ನಿಂತ ವಿಮಾನದ ಪ್ರೊಪೆಲ್ಲರನ್ನು ಯಾರಾದರೂ ಸುಮ್ನೆ ಕೈಯಲ್ಲಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು.

ಈಗ, ಎಡ ಮ್ಯಾಗ್ನೆಟೊ ಒಂದರಲ್ಲೇ ಓಡಿಸಿದಾಗ 300 ಸುತ್ತು ಇಳಿದು ವಿಮಾನ ಗಡಗಡ ನಡುಗಿತು ಅಂದುಕೊಳ್ಳಿ. ಮ್ಯಾಗ್ನೆಟೊ ಹೋಯ್ತು ಅಂತ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಸಾಮಾನ್ಯವಾಗಿ ಹಾಗಾಗಿರುವುದಿಲ್ಲ. ಯಾವುದೋ ಒಂದು ಪ್ಲಗ್ಗಿಗೆ ಸೀಸ ಕೂತಿರುತ್ತದೆ, ಅಷ್ಟೆ. ಈ ಎಂಜಿನ್‌ಗಳು ಹೆಚ್ಚಾಗಿ ಕುಡಿಯುವ ನೀಲಿ ಬಣ್ಣದ 100 ಎಲ್ಎಲ್ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಇದೆ. ಅದನ್ನು ಆವಿ ಮಾಡಿ ಹೊರಗೆ ಕಳಿಸಲು ಬ್ರೋಮಿನ್ ಇರುವ ಇನ್ನೊಂದು ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಆದರೆ ಅದು ಕೆಲಸ ಮಾಡಬೇಕಾದರೆ ಪ್ಲಗ್ ಚೆನ್ನಾಗಿ ಬಿಸಿಯಾಗಬೇಕು. ನೆಲದ ಮೇಲೆ ಮೆಲ್ಲಗೆ ಓಡಿಸುತ್ತಾ, ಪೆಟ್ರೋಲ್ ಜಾಸ್ತಿ ಬಿಟ್ಟುಕೊಂಡು ಕೂತರೆ ಬಿಸಿ ಎಲ್ಲಿಂದ ಬರಬೇಕು? ಸೀಸ ಸಾಸಿವೆ ಕಾಳಿನಂತೆ ಪ್ಲಗ್ಗಿನ ಸಂದಿಯಲ್ಲಿ ಕೂರುತ್ತದೆ.

ಹಾಗಾಗಿ ಮೊದಲ ಮದ್ದು ಸ್ಪ್ಯಾನರ್ ಅಲ್ಲ, ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಯಬೇಕು ಅಂತ ಹೊಂದಿಸುವ ಮಿಕ್ಸ್ಚರ್ ಲಿವರ್. ಪೆಟ್ರೋಲ್ ಕಡಿಮೆ ಮಾಡಿ, 2000 ಸುತ್ತಿನಲ್ಲಿ ಒಂದೆರಡು ನಿಮಿಷ ಓಡಿಸಿ, ಮತ್ತೆ ಪರೀಕ್ಷಿಸಿ. ಎಷ್ಟೋ ಸಲ ಕೊಳೆ ಅಲ್ಲೇ ಉರಿದುಹೋಗುತ್ತದೆ. ಹೋಗದಿದ್ದರೆ ಹಾರಬೇಡಿ, ವಾಪಸ್ ಬನ್ನಿ.

ಈಗ ಕಳ್ಳನನ್ನು ಹಿಡಿಯಬೇಕು. ಎಂಜಿನ್ ತಣ್ಣಗಾದ ಮೇಲೆ ಚಾಲೂ ಮಾಡಿ, ಕೆಟ್ಟಿರುವ ಕಡೆಯ ಮ್ಯಾಗ್ನೆಟೊ ಒಂದರಲ್ಲೇ ಒಂದು ನಿಮಿಷ ಓಡಿಸಿ ನಿಲ್ಲಿಸಿ. ಪ್ರೊಪೆಲ್ಲರಿನ ತಂಟೆಗೆ ಹೋಗದೆ ಒಂದೊಂದು ಎಕ್ಸಾಸ್ಟ್ ಪೈಪಿನ ಮೇಲೂ ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಅಂದ ಸಿಲಿಂಡರ್‌ಗಳು ಸರಿಯಾಗಿವೆ. ನೀರು ಹಾಗೇ ಇಳಿದುಹೋಯಿತೋ, ಅದೇ ನಮ್ಮ ಆಸಾಮಿ. ಅದರ ಎರಡು ಪ್ಲಗ್‌ಗಳನ್ನು ಅದಲುಬದಲು ಮಾಡಿ. ತೊಂದರೆ ಈಗ ಬಲ ಮ್ಯಾಗ್ನೆಟೊ ಕಡೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಎಡಕ್ಕೇ ಉಳಿದರೆ ವೈರ್ ಅಥವಾ ಮ್ಯಾಗ್ನೆಟೊ ನೋಡಬೇಕು. ಪ್ಲಗ್, ವೈರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಹೋಗಬಹುದು, ಆದರೆ ಏನು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ.

ಜಾಸ್ತಿ ಬಿಚ್ಚುವುದೇ ಅಪಾಯ ಅನ್ನುವುದಕ್ಕೆ ಹಳೆಯ ಸಾಕ್ಷಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಮತ್ತು ಜೊತೆಗಾರರು ಬ್ರಿಟನ್ನಿನ ಲಿಬರೇಟರ್ ವಿಮಾನಗಳ ರಿಪೇರಿ ಲೆಕ್ಕ ತೆಗೆದು ನೋಡಿದರು. 50 ಗಂಟೆಗೊಮ್ಮೆ ತಪಾಸಣೆ ನಡೆಯುತ್ತಿತ್ತು. ವಿಮಾನಗಳು ಜಾಸ್ತಿ ಕೆಡುತ್ತಿದ್ದುದು ತಪಾಸಣೆ ಮುಗಿದ ಬೆನ್ನಿಗೇ!

ಹಾಗಂತ ವಿಮಾನವನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದೂ ಕೆಟ್ಟದ್ದೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಸಂದಿಯಿಂದ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ದಾಟಿ ಒಂದಷ್ಟು ಹೊತ್ತು ಕಾದರೆ ಮಾತ್ರ ಆ ನೀರು ಆವಿಯಾಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ನೆಲದಲ್ಲೇ ಓಡಿಸಿ ನಿಲ್ಲಿಸುವವರು ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಟ್ಟದಿರುವುದೇ ವಾಸಿ. ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುವುದರಿಂದ ಆಯಿಲ್ ಇಳಿದುಹೋಗಿ ಅಲ್ಲೇ ಮೊದಲು ತುಕ್ಕು ಹಿಡಿಯುತ್ತದೆ.

ಕಂಪ್ರೆಷನ್ ಪರೀಕ್ಷೆಯಲ್ಲೂ ಕಿವಿಗೇ ಜಾಸ್ತಿ ಕೆಲಸ. ಸಿಲಿಂಡರಿಗೆ 80 ಪಿಎಸ್ಐ ಒತ್ತಡದಲ್ಲಿ ಗಾಳಿ ಕೊಟ್ಟು, ಒಳಗೆ ಎಷ್ಟು ನಿಲ್ಲುತ್ತದೆ ಅಂತ ನೋಡುತ್ತಾರೆ. ಅಂಕಿಗಿಂತ ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದು ಮುಖ್ಯ. ಆಯಿಲ್ ಹಾಕುವ ಬಾಯಲ್ಲಿ ಬುಸ್ ಅಂದರೆ ರಿಂಗ್. ಅದು ಅಷ್ಟು ಅವಸರದ ವಿಷಯ ಅಲ್ಲ. ಎಕ್ಸಾಸ್ಟ್ ಪೈಪಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಅದನ್ನು ಬಿಡುವಂತಿಲ್ಲ. ಆದರೂ ಸಿಲಿಂಡರ್ ಕೀಳುವ ಮುಂಚೆ ಪ್ಲಗ್ಗಿನ ತೂತಿನಿಂದ ಚಿಕ್ಕ ಕ್ಯಾಮೆರಾ ಇಳಿಸಿ ವಾಲ್ವಿನ ಮುಖ ನೋಡಿ. ಚೆನ್ನಾಗಿರುವ ವಾಲ್ವಿನ ಮೇಲೆ ಬಣ್ಣಗಳು ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ ದುಂಡಗೆ ಕೂತಿರುತ್ತವೆ. ಸುಡುತ್ತಿರುವ ವಾಲ್ವಿನಲ್ಲಿ ಆ ದುಂಡು ಒಂದು ಅಂಚಿಗೆ ಜರುಗಿರುತ್ತದೆ.