ರಾತ್ರೋರಾತ್ರಿ 19 ಬಾರ್ ಎಲ್ಲಿ ಹೋಯ್ತು?

ಸಂಜೆ ಸಿಲಿಂಡರಿಗೆ ಗಾಳಿ ತುಂಬುತ್ತೇವೆ. ಒತ್ತಡ ಅಳೆಯುವ ಗೇಜಿನ ಮುಳ್ಳು 200 ಬಾರ್ ತೋರಿಸುತ್ತದೆ (ಬಾರ್ ಅಂದರೆ ಒತ್ತಡದ ಅಳತೆ). ವಾಲ್ವ್ ಬಿಗಿ ಮಾಡಿ ಇಡುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ 181! ಕೆಲಸಕ್ಕೆ ಹೊಸದಾಗಿ ಸೇರಿದವರು ಹೇಳುವ ಮಾತು ಒಂದೇ: "ಸರ್, ಲೀಕ್ ಆಗ್ತಿದೆ."

ಸೋಪಿನ ನೀರು ಹಚ್ಚಿ ನೋಡಿ ಅನ್ನುತ್ತೇನೆ. ವಾಲ್ವಿನ ಸುತ್ತ, ಕತ್ತಿನ ಹತ್ತಿರ, ಎಲ್ಲ ಕಡೆ ಹಚ್ಚುತ್ತಾರೆ. ಬಗ್ಗಿ ಕಣ್ಣಿಟ್ಟು ಕಾಯುತ್ತಾರೆ. ಒಂದು ಗುಳ್ಳೆಯೂ ಏಳುವುದಿಲ್ಲ. ಗಾಳಿ ಅಷ್ಟೂ ಒಳಗೇ ಇದೆ. ಹೊರಗೆ ಹೋಗಿದ್ದು ಬಿಸಿ.

ತುಂಬುವಾಗ ಸಿಲಿಂಡರ್ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಗಾಳಿಯನ್ನು ಒತ್ತಿ ಒತ್ತಿ ತುರುಕುತ್ತೇವಲ್ಲ, ಆ ಶ್ರಮವೇ ಬಿಸಿಯಾಗುತ್ತದೆ. ಸೈಕಲ್ ಪಂಪ್ ಬಿಸಿಯಾಗುವುದೂ ಮುಖ್ಯವಾಗಿ ಹೀಗೇ. ಒಳಗಿನ ಗಾಳಿ 50 ಡಿಗ್ರಿ ಇತ್ತು ಅಂದುಕೊಳ್ಳಿ, ಬೆಳಿಗ್ಗೆ ಹೊತ್ತಿಗೆ 20ಕ್ಕೆ ಇಳಿಯಿತು. ಉಕ್ಕಿನ ಸಿಲಿಂಡರ್, ಗಾತ್ರ ಇದ್ದಷ್ಟೇ ಇರುತ್ತದೆ. ಅಣುಗಳು ಗೋಡೆಗೆ ಬಡಿಯುವುದನ್ನೇ ನಾವು ಒತ್ತಡ ಅನ್ನುವುದು. ತಣ್ಣಗಾದಂತೆ ಅವುಗಳ ಓಟ ನಿಧಾನವಾಗುತ್ತದೆ, ಏಟಿನ ಜೋರು ತಗ್ಗುತ್ತದೆ.

"ಹಾಗಾದ್ರೆ 50ರಿಂದ 20ಕ್ಕೆ ಬಂದಾಗ ಒತ್ತಡ ಅರ್ಧಕ್ಕಿಂತ ಕಮ್ಮಿ ಆಗಬೇಕಿತ್ತು ಅಲ್ವಾ?" ಎಂದು ಒಬ್ಬ ಹುಡುಗ ಕೇಳಿದ. ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ. ಅನಿಲದ ಲೆಕ್ಕ ಶುರುವಾಗುವುದು ಇನ್ನೂ ಬಹಳ ಕೆಳಗೆ, ಮೈನಸ್ 273.15ರಲ್ಲಿ. 1848ರಲ್ಲಿ ವಿಲಿಯಂ ಥಾಮ್ಸನ್ ಇಂಥ ಅಳತೆಯನ್ನು ಮುಂದಿಟ್ಟರು. ಮುಂದೆ ಲಾರ್ಡ್ ಕೆಲ್ವಿನ್ ಆದವರು ಅವರೇ. ಆ ಅಳತೆಯಲ್ಲಿ 50 ಅಂದರೆ 323, 20 ಅಂದರೆ 293. ಶೇಕಡ 9ರಷ್ಟು ಇಳಿಕೆ. ಒತ್ತಡವೂ ಅಷ್ಟೇ ಇಳಿಯಿತು.

ಗೇಜಿಗೂ ಇಂಥದ್ದೇ ಒಂದು ತೊಡಕಿದೆ. ಅದು ಸೊನ್ನೆ ತೋರಿಸಿದರೂ ಒಳಗೆ ಸುತ್ತಲಿನ ಗಾಳಿಯಷ್ಟು, ಅಂದರೆ ಸುಮಾರು 1 ಬಾರ್ ಒತ್ತಡ ಇದ್ದೇ ಇರುತ್ತದೆ. 200 ಬಾರ್‌ನಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಕಾರಿನ ಟೈರಿನಲ್ಲಿ ಮರೆಯಬಾರದು. ಗೇಜಿನ 32 ಪಿಎಸ್‌ಐಗೆ (ಇದೂ ಒತ್ತಡದ ಅಳತೆಯೇ) ಸುತ್ತಲಿನ ಗಾಳಿಯ ಒತ್ತಡ 14.7 ಸೇರಿಸಿ, ಆಮೇಲೆ ತಾಪಮಾನದ ಲೆಕ್ಕ ಹಾಕಿ, ಕೊನೆಗೆ ಆ 14.7 ಕಳೆಯಬೇಕು. ಟೈರು 20ರಿಂದ 40 ಡಿಗ್ರಿಗೆ ಬಂದರೆ ಗೇಜು 35ರ ಆಸುಪಾಸು ಇರುತ್ತದೆ.

ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಎಲ್ಲರೂ ಶಾಲೆಯಲ್ಲಿ ಓದಿರುವುದೇ: ಗಾತ್ರ ಅರ್ಧವಾದರೆ ಒತ್ತಡ ಎರಡು ಪಟ್ಟು. ಸೂಜಿ ಇಲ್ಲದ ಸಿರಿಂಜಿನ ಬಾಯಿಯನ್ನು ಬೆರಳಿಂದ ಮುಚ್ಚಿ ಒತ್ತಿ ನೋಡಿ, ಕೈಗೇ ತಿಳಿಯುತ್ತದೆ. ಒಂದೇ ಷರತ್ತು, ತಾಪಮಾನ ಬದಲಾಗಬಾರದು. ನಮ್ಮ ಕೆಲಸದಲ್ಲಿ ಈ ಷರತ್ತೇ ಮೊದಲು ಮುರಿಯುವುದು.

ಅದಕ್ಕೇ ನಿಧಾನವಾಗಿ ತುಂಬಿ ಅನ್ನುತ್ತೇನೆ. ತಣ್ಣಗಾದ ಮೇಲೆ ಕಡಿಮೆ ಬಿದ್ದಷ್ಟನ್ನು ಮತ್ತೆ ತುಂಬಿ. ಆದರೆ 20 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್ ಬಿಸಿಲಿಗೆ ಬಿದ್ದು 50 ಡಿಗ್ರಿಯಾದರೆ, ಅದೇ ಮುಳ್ಳು 220 ದಾಟುತ್ತದೆ. ತುಂಬಿದ ಸಿಲಿಂಡರನ್ನು ನೆರಳಲ್ಲೇ ಇಡಿ.