ರೂಟರ್ ಮೊದಲೋ, ಹಬ್ ಮೊದಲೋ?

ಕಂಪ್ಯೂಟರ್ ಪಠ್ಯಗಳಲ್ಲಿ ಜಾಲ ಸಾಧನಗಳ ಪಾಠ ಸಾಮಾನ್ಯವಾಗಿ ರಿಪೀಟರ್‌ನಿಂದ ಆರಂಭವಾಗಿ, ಹಬ್, ಬ್ರಿಡ್ಜ್, ಸ್ವಿಚ್‌ಗಳನ್ನು ಹಾದು ರೂಟರ್‌ಗೆ ಬಂದು ನಿಲ್ಲುತ್ತದೆ. ಸರಳವಾದದ್ದರಿಂದ ಜಟಿಲವಾದದ್ದರತ್ತ ಸಾಗುವ ಈ ಕ್ರಮ ಪರೀಕ್ಷೆಗೆ ಅನುಕೂಲವೇನೋ ಹೌದು, ಆದರೆ ಇವು ಹುಟ್ಟಿದ ಕ್ರಮ ಇದಲ್ಲ. ದೂರದ ಊರುಗಳನ್ನು ಬೆಸೆಯುವ ಕೆಲಸ ಮತ್ತು ಒಂದೇ ಕಟ್ಟಡದ ಯಂತ್ರಗಳನ್ನು ಬೆಸೆಯುವ ಕೆಲಸ ಬೇರೆ ಬೇರೆ ದಾರಿಯಲ್ಲಿ ಬೆಳೆದು, ನಂತರ ಒಂದನ್ನೊಂದು ಕೂಡಿಕೊಂಡವು.

ಮೊದಲ ದಾರಿಯ ಆರಂಭ 1969ರಲ್ಲಿ. ದೂರದ ಕಂಪ್ಯೂಟರ್‌ಗಳನ್ನು ಜೋಡಿಸುವ ಅಮೆರಿಕದ ಅರ್ಪಾನೆಟ್ ಯೋಜನೆಗಾಗಿ ಬಿಬಿಎನ್ ಸಂಸ್ಥೆ ಹನಿವೆಲ್ ಕಂಪ್ಯೂಟರನ್ನು ಮಾರ್ಪಡಿಸಿ, ಫ್ರಿಜ್ ಗಾತ್ರದ ‘ಐಎಂಪಿ’ ಎಂಬ ಯಂತ್ರವನ್ನು ರೂಪಿಸಿತು. ಆ ವರ್ಷದ ಕೊನೆಗೆ ನಾಲ್ಕು ಕೇಂದ್ರಗಳಲ್ಲಿ ಇಂಥ ಯಂತ್ರಗಳಿದ್ದವು. ಬಂದ ಪ್ಯಾಕೆಟ್ಟಿನ (ಮಾಹಿತಿಯ ಸಣ್ಣ ಕಟ್ಟು) ವಿಳಾಸ ಓದಿ ಅದನ್ನು ಮುಂದಿನ ಕೇಂದ್ರಕ್ಕೆ ದಾಟಿಸುವುದು ಇವುಗಳ ಕೆಲಸ. ಇಂದಿನ ರೂಟರ್ ಮಾಡುವುದೂ ಮೂಲತಃ ಇದನ್ನೇ. ಆದರೆ ಐಎಂಪಿಗಳು ಒಂದೇ ಜಾಲದೊಳಗೆ ದುಡಿಯುತ್ತಿದ್ದವು. ಒಂದಕ್ಕೊಂದು ಹೋಲದ ಜಾಲಗಳನ್ನು ಗೇಟ್‌ವೇ ಎಂಬ ನಡುವಿನ ಯಂತ್ರದ ಮೂಲಕ ಜೋಡಿಸುವ ವಿಧಾನವನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಅದರಿಂದ ಬೆಳೆದ, ಜಾಲಗಳ ನಡುವೆ ಮಾಹಿತಿ ಸಾಗಿಸುವ ಟಿಸಿಪಿ/ಐಪಿ ನಿಯಮಗಳಿಗೆ ಅರ್ಪಾನೆಟ್ 1983ರ ಜನವರಿ 1ರಂದು ಬದಲಾಯಿತು.

ಎರಡನೆಯ ದಾರಿ ತೆರೆದದ್ದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. 1973ರಲ್ಲಿ ಬಾಬ್ ಮೆಟ್‌ಕಾಫ್ ಕಲ್ಪಿಸಿ, ಡೇವಿಡ್ ಬಾಗ್ಸ್ ಜೊತೆಗೂಡಿ ಕಟ್ಟಿದ ಈಥರ್ನೆಟ್‌ನಲ್ಲಿ ಎಲ್ಲ ಯಂತ್ರಗಳೂ ಒಂದೇ ಕೇಬಲ್ಲಿಗೆ ಕಚ್ಚಿಕೊಂಡಿರುತ್ತಿದ್ದವು. 1980ರ ಹೊತ್ತಿಗೆ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಮಾದರಿ ನಿಗದಿಯಾದಾಗ, ಹೆಬ್ಬೆರಳಿನಷ್ಟು ದಪ್ಪದ ಆ ಕೇಬಲ್ಲಿನ ಮೇಲೆ ಎರಡೂವರೆ ಮೀಟರಿಗೊಂದು ಗುರುತು ಇರುತ್ತಿತ್ತು. ಆ ಗುರುತಿನ ಬಳಿಯೇ ಕೊರೆದು, ಒಳತಂತಿಗೆ ಮುಳ್ಳು ತಾಗಿಸಿ, ಹೊಸ ಯಂತ್ರವನ್ನು ಸೇರಿಸಬೇಕಿತ್ತು. ಒಂದು ತುಂಡಿನ ಉದ್ದ 500 ಮೀಟರ್ ಮೀರುವಂತಿರಲಿಲ್ಲ. ಅದನ್ನು ದಾಟಲು ಬಂದದ್ದೇ ರಿಪೀಟರ್. ಕುಗ್ಗಿದ ಸಂಕೇತವನ್ನು ಹಿಗ್ಗಿಸಿ ಮುಂದೆ ಕಳಿಸುವುದರಾಚೆಗೆ ಅದಕ್ಕೆ ಏನೂ ತಿಳಿಯದು. ಅಲ್ಲಿರುವುದು ಯಾರ ಮಾಹಿತಿ, ಯಾರಿಗೆ ಹೋಗಬೇಕಾದದ್ದು ಎಂಬುದನ್ನು ಅದು ಓದುವುದೇ ಇಲ್ಲ.

ಓದುವ ಸಾಧನವಾಗಿ ಬಂದದ್ದು ಬ್ರಿಡ್ಜ್. ಯಾವ ಯಂತ್ರ ಯಾವ ಬದಿಯಲ್ಲಿದೆ ಎಂಬುದನ್ನು ಕಳುಹಿಸಿದವರ ಮ್ಯಾಕ್ ವಿಳಾಸ (ಯಂತ್ರದ ಜಾಲ ಸಂಪರ್ಕಕ್ಕಿರುವ ಗುರುತಿನ ಸಂಖ್ಯೆ) ನೋಡಿಯೇ ಕಲಿತುಕೊಂಡು, ಅಗತ್ಯವಿದ್ದರೆ ಮಾತ್ರ ಆಚೆ ಬದಿಗೆ ಬಿಡುವ ಈ ಉಪಾಯ ಸೊಗಸಾದದ್ದು. ಆದರೆ ಅದಕ್ಕೊಂದು ಗಂಡಾಂತರವಿತ್ತು. ಎರಡು ಬ್ರಿಡ್ಜ್‌ಗಳ ನಡುವೆ ಎರಡು ದಾರಿಗಳಿದ್ದು ಸುತ್ತು ಏರ್ಪಟ್ಟರೆ, ಎಲ್ಲರಿಗೂ ಕಳಿಸಿದ ಒಂದು ಸಂದೇಶ ಆ ಸುತ್ತಿನಲ್ಲಿ ಕೊನೆಯಿಲ್ಲದೆ ತಿರುಗುತ್ತದೆ. ಐಪಿ ಪ್ಯಾಕೆಟ್ಟಿಗೆ ಪ್ರತಿ ರೂಟರ್‌ನಲ್ಲೂ ಒಂದೊಂದು ಕಡಿಮೆಯಾಗುವ ಆಯುಸ್ಸಿನ ಎಣಿಕೆ ಇದೆ, ಈಥರ್ನೆಟ್ ಚೌಕಟ್ಟಿಗೆ (ಫ್ರೇಮ್, ಅಂದರೆ ಈಥರ್ನೆಟ್‌ನಲ್ಲಿ ಸಾಗುವ ಮಾಹಿತಿಯ ಕಟ್ಟು) ಅದಿಲ್ಲ. ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ, ಬ್ರಿಡ್ಜ್‌ಗಳು ತಮ್ಮೊಳಗೆ ಮಾತಾಡಿಕೊಂಡು ಹೆಚ್ಚುವರಿ ದಾರಿಗಳನ್ನು ತಾವೇ ಮುಚ್ಚಿಡುತ್ತವೆ ಮತ್ತು ಮುಖ್ಯ ದಾರಿ ಕಡಿದರೆ ತೆರೆಯುತ್ತವೆ. ಈ ರಕ್ಷಣೆಯಿಲ್ಲದ ಅಗ್ಗದ ಸ್ವಿಚ್ಚಿನ (ಹಲವು ಬಾಯಿಗಳ ಬ್ರಿಡ್ಜ್) ಎರಡು ಪೋರ್ಟ್‌ಗಳಿಗೆ ಒಂದೇ ಕೇಬಲ್ಲಿನ ಎರಡು ತುದಿಗಳನ್ನು ಸಿಕ್ಕಿಸಿದರೆ ಇಡೀ ಕಚೇರಿಯ ಜಾಲ ಇವತ್ತಿಗೂ ಕ್ಷಣದಲ್ಲಿ ಕುಸಿಯಬಲ್ಲದು.

ಹಬ್ ವ್ಯಾಪಕವಾಗಿ ಬಳಕೆಗೆ ಬಂದದ್ದು ಇದಾದ ಮೇಲೆ. ಟೆಲಿಫೋನ್ ತಂತಿಯಂಥ ಹೆಣೆದ ಜೋಡಿ ತಂತಿಯ ಮಾದರಿಗೆ 1990ರಲ್ಲಿ ಮಾನ್ಯತೆ ದೊರೆತಾಗ, ಎಲ್ಲ ತಂತಿಗಳೂ ಬಂದು ಕೂಡುವ ಒಂದು ಪೆಟ್ಟಿಗೆ ಬೇಕಾಯಿತು. ತಾತ್ವಿಕವಾಗಿ ಅದು ಹಲವು ಬಾಯಿಗಳ ರಿಪೀಟರ್ ಅಷ್ಟೇ. ಇಬ್ಬರು ಒಮ್ಮೆಗೇ ಮಾತಾಡಿದರೆ ಡಿಕ್ಕಿ ತಪ್ಪುತ್ತಿರಲಿಲ್ಲ. ಅದೇ ವರ್ಷ, ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಸಹಸಂಸ್ಥಾಪಕರಾಗಿದ್ದು ತಮ್ಮ ಪತ್ನಿಯ ಹೆಸರನ್ನಿಟ್ಟ ‘ಕಲ್ಪನಾ’ ಕಂಪನಿ, ಏಳು ಪೋರ್ಟ್‌ಗಳ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಪ್ರತಿ ಪೋರ್ಟಿಗೂ ಬ್ರಿಡ್ಜಿನ ಜಾಣ್ಮೆ ಕೊಟ್ಟ ಈ ಸಾಧನದ ಮುಂದೆ ಹಬ್ ಹೆಚ್ಚು ಕಾಲ ಬಾಳಲಿಲ್ಲ. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು.

ಸಿಸ್ಕೊ ಹುಟ್ಟಿದ್ದೇ ಎರಡು ದಾರಿಗಳು ಕೂಡಿದಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಭಾಗಗಳ ಬೇರೆ ಬೇರೆ ಜಾಲಗಳನ್ನು ಜೋಡಿಸಲು ಅಲ್ಲಿ ‘ನೀಲಿ ಪೆಟ್ಟಿಗೆ’ಗಳಿದ್ದವು, ಅದರ ಮೂಲ ತಂತ್ರಾಂಶ ಬರೆದವರು ಬಿಲ್ ಯೇಗರ್. ಅಲ್ಲೇ ಇದ್ದ ಲೆನ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ 1984ರಲ್ಲಿ ಕಂಪನಿ ಕಟ್ಟಿ, ಅದೇ ಬಗೆಯ ಪೆಟ್ಟಿಗೆಯನ್ನು ಸರಕಾಗಿಸಿದರು. ಖ್ಯಾತಿ ಕಂಪನಿಯದ್ದಾಯಿತು, ಯೇಗರ್ ಹೆಸರು ಹಿಂದೆ ಉಳಿಯಿತು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಐಐಟಿಗಳನ್ನೂ ಬೆಸೆಯಲು ಹೊರಟಾಗ ಎದುರಿಸಿದ್ದೂ ಇದೇ ಪ್ರಶ್ನೆಯನ್ನು: ಆವರಣದೊಳಗಿನ ಜಾಲಗಳನ್ನು ಊರಾಚೆಯ ಜಾಲಕ್ಕೆ ಸೇರಿಸುವುದು ಹೇಗೆ?

ಮನೆಯ ವೈಫೈ ಪೆಟ್ಟಿಗೆಯಲ್ಲಿ ಈಗ ರೂಟರ್, ಸ್ವಿಚ್, ನಿಸ್ತಂತು ಸಂಪರ್ಕ ಕೊಡುವ ಆಕ್ಸೆಸ್ ಪಾಯಿಂಟ್ ಮೂರೂ ಒಂದಾಗಿವೆ. ಕೆಲಸಗಳ ಗಡಿ ಮಾತ್ರ ಅಳಿಸಿಲ್ಲ. ಮೊಬೈಲಿನಿಂದ ಟಿವಿಗೆ ಹೋಗುವ ಚಿತ್ರವನ್ನು ಮ್ಯಾಕ್ ವಿಳಾಸ ನೋಡಿಯೇ ತಲುಪಿಸಲಾಗುತ್ತದೆ. ಅದೇ ಚಿತ್ರ ಮನೆಯಾಚೆ ಹೋಗಬೇಕಾದರೆ, ಆ ಮ್ಯಾಕ್ ವಿಳಾಸವನ್ನು ರೂಟರ್ ಕಳಚಿ ಹಾಕಿ ತನ್ನದನ್ನು ಬರೆಯುತ್ತದೆ. 32 ಬಿಟ್‌ಗಳ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿಯಷ್ಟೇ ಇರುವುದರಿಂದ, ಮೊಬೈಲಿನ 192.168ರಿಂದ ಆರಂಭವಾಗುವ, ಬೇರೆ ಮನೆಗಳಲ್ಲೂ ಬಳಕೆಯಲ್ಲಿರುವ ಖಾಸಗಿ ವಿಳಾಸವನ್ನೂ ಅದು ಬದಲಿಸಬೇಕಾಗುತ್ತದೆ.